ಆಟದ ಕಂಪ್ಯೂಟರ್‌ಗೆ ಮಧ್ಯಮ ದರ್ಜೆಯ ಪ್ರೊಸೆಸರ್ ಆರಿಸುವುದು ಹೇಗೆ?

ಆಟಗಳಿಗಾಗಿ ಡೆಸ್ಕ್‌ಟಾಪ್ ಜೋಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಪ್ರೊಸೆಸರ್ ಒಳ್ಳೆಯದು ಎಂದು. ನಿಮ್ಮ ಮಾನಿಟರ್ ಯಾವುದು, ನೀವು ಆಡುವ ಆಟಗಳು ಯಾವುವು ಎಂಬುದು ಗೊತ್ತಾಗದೆ ಇದಕ್ಕೆ ಸರಿಯಾದ ಉತ್ತರ ಕೊಡಲಾಗುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಪ್ರೊಸೆಸರ್‌ಗಳ ಹೆಸರುಗಳು ಸ್ವಲ್ಪ ತಡವಾಗಿಯೇ ಬರುತ್ತವೆ. ಇಲ್ಲಿ ಮಧ್ಯಮ ದರ್ಜೆ ಎಂದಾಗ ಮುಖ್ಯವಾಗಿ ಎಎಂಡಿಯ ರೈಜನ್ 5 ಸಾಲು, ರೈಜನ್ 7ರ ಕೆಲವು ಮಾದರಿಗಳು, ಇಂಟೆಲ್‌ನ ಕೋರ್ ಐ5 ಮತ್ತು ಅದರ ನಂತರ ಬಂದ ಕೋರ್ ಅಲ್ಟ್ರಾ 5 ಎಂದು ತಿಳಿಯಬೇಕು.

ಆಟ ನಡೆಯುವಾಗ ಪ್ರತಿಯೊಂದು ಫ್ರೇಮ್ (ಪರದೆಯಲ್ಲಿ ಮೂಡುವ ಒಂದೊಂದು ಚಿತ್ರ) ತಯಾರಾಗುವುದಕ್ಕೆ ಎರಡು ಕೆಲಸಗಳಾಗಬೇಕು. ಪಾತ್ರಗಳ ಚಲನೆ, ವಸ್ತುಗಳ ಡಿಕ್ಕಿ, ಎದುರಾಳಿಗಳ ನಡೆ, ಆನ್‌ಲೈನ್ ಸರ್ವರ್‌ನಿಂದ ಬಂದ ಮಾಹಿತಿ ಇವುಗಳನ್ನೆಲ್ಲ ಲೆಕ್ಕ ಹಾಕಿ, ಏನನ್ನು ಎಲ್ಲಿ ಚಿತ್ರಿಸಬೇಕೆಂಬ ಆದೇಶಗಳನ್ನು ಸಿದ್ಧಪಡಿಸುವುದು ಪ್ರೊಸೆಸರ್‌ನ ಪಾಲು. ಆ ಆದೇಶಗಳ ಪ್ರಕಾರ ಚಿತ್ರವನ್ನು ಮೂಡಿಸುವುದು ಗ್ರಾಫಿಕ್ಸ್ ಕಾರ್ಡಿನ ಪಾಲು. ಇವೆರಡರಲ್ಲಿ ಯಾವುದು ನಿಧಾನವೋ ಅದೇ ಆಟದ ವೇಗವನ್ನು ನಿರ್ಧರಿಸುತ್ತದೆ. ರೆಸಲ್ಯೂಷನ್ ಹೆಚ್ಚಿಸಿದಾಗ ಗ್ರಾಫಿಕ್ಸ್ ಕಾರ್ಡಿನ ಕೆಲಸ ಮಾತ್ರ ಏರುತ್ತದೆ; 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು, ಅಂದರೆ ಸುಮಾರು 82.9 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಪ್ರೊಸೆಸರ್‌ನ ಲೆಕ್ಕಾಚಾರ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಆಟ ಗರಿಷ್ಠ ಎಷ್ಟು ವೇಗವಾಗಿ ಓಡಬಹುದೆಂಬ ಮಿತಿಯನ್ನು ಪ್ರೊಸೆಸರ್ ಹಾಕುತ್ತದೆ. ಆ ಮಿತಿಯೊಳಗೆ ಚಿತ್ರ ಎಷ್ಟು ಸೊಗಸಾಗಿರಬಹುದೆಂಬುದನ್ನು ಗ್ರಾಫಿಕ್ಸ್ ಕಾರ್ಡ್ ತೀರ್ಮಾನಿಸುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಯನ್ನೇ ಆಧರಿಸಿದೆ.

ಹಂತ 1: ಮಾನಿಟರ್‌ನಿಂದ ಲೆಕ್ಕ ಆರಂಭಿಸಿ

ಮಾನಿಟರ್‌ನ ರಿಫ್ರೆಶ್ ರೇಟ್, ಅಂದರೆ ಅದು ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸುತ್ತದೆ, ಎಷ್ಟೆಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. 60 ಹರ್ಟ್ಜ್ ಮಾನಿಟರ್‌ನಲ್ಲಿ ಒಂದು ಫ್ರೇಮ್ ಸಿದ್ಧಪಡಿಸಲು ಕಂಪ್ಯೂಟರ್‌ಗೆ ಸುಮಾರು 16.7 ಮಿಲಿಸೆಕೆಂಡ್ ಸಮಯವಿರುತ್ತದೆ. 144 ಹರ್ಟ್ಜ್‌ನಲ್ಲಿ ಅದು 6.9 ಮಿಲಿಸೆಕೆಂಡ್‌ಗೆ, 240 ಹರ್ಟ್ಜ್‌ನಲ್ಲಿ 4.2 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಚಿತ್ರದ ಗುಣಮಟ್ಟ ತಗ್ಗಿಸಿ ಗ್ರಾಫಿಕ್ಸ್ ಕಾರ್ಡಿನ ಹೊರೆಯನ್ನು ಇಳಿಸಬಹುದು, ಆದರೆ ಪ್ರೊಸೆಸರ್‌ನ ಹೊರೆ ಇಳಿಸುವ ಸೆಟ್ಟಿಂಗ್‌ಗಳು ಆಟಗಳಲ್ಲಿ ಕಡಿಮೆ. ಜನಸಂದಣಿಯ ಪ್ರಮಾಣ, ಎಷ್ಟು ದೂರದವರೆಗೆ ವಸ್ತುಗಳು ಕಾಣಬೇಕು ಎಂಬಂಥ ಎರಡು ಮೂರು ಆಯ್ಕೆಗಳನ್ನು ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಹೀಗಾಗಿ 60 ಅಥವಾ 75 ಹರ್ಟ್ಜ್ ಮಾನಿಟರ್ ಇರುವವರಿಗೆ ಈಚಿನ ಯಾವುದೇ ಆರು ಕೋರ್‌ಗಳ (ಲೆಕ್ಕ ಹಾಕುವ ಸ್ವತಂತ್ರ ಘಟಕಗಳ) ಪ್ರೊಸೆಸರ್ ಸಾಕು. 240 ಹರ್ಟ್ಜ್‌ನ ಪೂರ್ಣ ಪ್ರಯೋಜನ ಬೇಕೆನ್ನುವವರು ಪ್ರೊಸೆಸರ್‌ಗೆ ತಮ್ಮ ಬಜೆಟ್‌ನಲ್ಲಿ ದೊಡ್ಡ ಪಾಲನ್ನೇ ಮೀಸಲಿಡಬೇಕಾಗುತ್ತದೆ.

4ಕೆ ಮಾನಿಟರ್ ಇದ್ದರೆ ಪ್ರೊಸೆಸರ್ ಯಾವುದಾದರೂ ನಡೆಯುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಈಗ ಅದು ಪೂರ್ತಿ ನಿಜವಲ್ಲ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಮುಂತಾದ ತಂತ್ರಗಳು ಚಿತ್ರವನ್ನು ಕಡಿಮೆ ರೆಸಲ್ಯೂಷನ್‌ನಲ್ಲಿ ಮೂಡಿಸಿ ಆಮೇಲೆ ಹಿಗ್ಗಿಸುತ್ತವೆ. 4ಕೆ ಪರದೆಯಲ್ಲಿ ಇವುಗಳ ಪರ್ಫಾರ್ಮೆನ್ಸ್ ಮೋಡ್ ಆಯ್ದುಕೊಂಡರೆ ಒಳಗೆ ನಿಜವಾಗಿ ಮೂಡುವುದು 1080ಪಿ ಚಿತ್ರ. 1440ಪಿ ಪರದೆಯಲ್ಲಿ ಕ್ವಾಲಿಟಿ ಮೋಡ್ ಆಯ್ದುಕೊಂಡರೆ 960ಪಿ. ಗ್ರಾಫಿಕ್ಸ್ ಕಾರ್ಡಿನ ಹೊರೆ ಹೀಗೆ ಇಳಿದೊಡನೆ ಪ್ರೊಸೆಸರ್‌ನ ಮಿತಿ ಎದುರಾಗುತ್ತದೆ. ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕುವ ರೇ ಟ್ರೇಸಿಂಗ್ ಹಾಕಿದರಂತೂ ದೃಶ್ಯದ ರಚನೆಯನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಜೋಡಿಸಿಕೊಡುವ ಕೆಲಸದ ಒಂದು ಭಾಗ ಪ್ರೊಸೆಸರ್‌ನ ಮೇಲೆಯೇ ಬೀಳುತ್ತದೆ. ಫ್ರೇಮ್ ಜನರೇಷನ್ ಇದರಿಂದ ಪಾರಾಗುವ ದಾರಿ ಎಂದು ಕೆಲವರು ಭಾವಿಸುತ್ತಾರೆ. ಅದು ಎರಡು ನಿಜವಾದ ಫ್ರೇಮ್‌ಗಳ ನಡುವೆ ಹೆಚ್ಚುವರಿ ಫ್ರೇಮ್‌ಗಳನ್ನು ಸೇರಿಸಿ ಚಲನೆಯನ್ನು ನಯವಾಗಿ ಕಾಣಿಸುವುದು ಹೌದು, ಆದರೆ ಮೌಸ್ ಮತ್ತು ಕೀಬೋರ್ಡಿಗೆ ಆಟ ಸ್ಪಂದಿಸುವ ವೇಗವು ನಿಜವಾದ ಫ್ರೇಮ್‌ಗಳ ಸಂಖ್ಯೆಯನ್ನೇ ಅವಲಂಬಿಸಿರುತ್ತದೆ.

ಹಂತ 2: ನೀವು ಆಡುವ ಆಟಗಳ ಸ್ವಭಾವ ನೋಡಿ

ಕೌಂಟರ್-ಸ್ಟ್ರೈಕ್ 2, ವ್ಯಾಲೊರೆಂಟ್‌ನಂಥ ಸ್ಪರ್ಧಾತ್ಮಕ ಶೂಟಿಂಗ್ ಆಟಗಳನ್ನು ಬಹುತೇಕರು ಕಡಿಮೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ, ಅತಿ ಹೆಚ್ಚು ಫ್ರೇಮ್‌ಗಳಿಗಾಗಿ ಆಡುತ್ತಾರೆ. ಅಲ್ಲಿ ಪ್ರೊಸೆಸರ್‌ನದೇ ಮುಖ್ಯ ಪಾತ್ರ. ಫ್ಯಾಕ್ಟೋರಿಯೊ, ಸ್ಟೆಲ್ಲಾರಿಸ್, ಸಿಟೀಸ್: ಸ್ಕೈಲೈನ್ಸ್ 2, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇವು ಇನ್ನೊಂದು ಬಗೆಯವು. ಆಟ ಮುಂದುವರಿದಂತೆ ಲೆಕ್ಕ ಹಾಕಬೇಕಾದ ಸಂಗತಿಗಳು ಬೆಳೆಯುತ್ತಲೇ ಹೋಗುವುದರಿಂದ ಆರಂಭದಲ್ಲಿ ಸಲೀಸಾಗಿ ಓಡಿದ ಆಟ ಹಲವಾರು ಗಂಟೆಗಳ ನಂತರ ಕುಂಟಲು ತೊಡಗುತ್ತದೆ. ಬಾಲ್ಡರ್ಸ್ ಗೇಟ್ 3ರ ಮೂರನೆಯ ಅಂಕದಲ್ಲಿ ಬರುವ ಜನನಿಬಿಡ ನಗರವೂ ಪ್ರೊಸೆಸರನ್ನು ಚೆನ್ನಾಗಿ ದುಡಿಸುತ್ತದೆ. ಕಥೆಯೇ ಪ್ರಧಾನವಾದ, ದೃಶ್ಯವೈಭವಕ್ಕೆ ಒತ್ತು ಕೊಡುವ ಆಟಗಳನ್ನು 1440ಪಿಯಲ್ಲಿ 60ರಿಂದ 90 ಫ್ರೇಮ್‌ಗಳಲ್ಲಿ ಆಡುವವರು ಮಾತ್ರ ಪ್ರೊಸೆಸರ್‌ನಲ್ಲಿ ಉಳಿಸಿದ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕುವುದೇ ಜಾಣತನ.

ಹಂತ 3: ಈಗಿರುವ ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿ

ಈಗಾಗಲೇ ಒಂದು ಕಂಪ್ಯೂಟರ್ ಇದ್ದು ಅದನ್ನು ಉನ್ನತೀಕರಿಸಲು ಯೋಚಿಸುತ್ತಿರುವವರು ಈ ಹಂತವನ್ನು ಬಿಡಬಾರದು, ಏಕೆಂದರೆ ನಿಧಾನಕ್ಕೆ ಕಾರಣ ಯಾವ ಭಾಗವೆಂದು ಊಹಿಸುವ ಬದಲು ಕಣ್ಣಾರೆ ನೋಡಲು ಸಾಧ್ಯವಿದೆ. ವಿಂಡೋಸ್‌ನ ಗೇಮ್ ಬಾರ್ ಅಥವಾ ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ತಂತ್ರಾಂಶದ ನೆರವಿನಿಂದ ಆಟದ ನಡುವೆಯೇ ಫ್ರೇಮ್‌ಗಳ ಸಂಖ್ಯೆ ಮತ್ತು ಗ್ರಾಫಿಕ್ಸ್ ಕಾರ್ಡಿನ ಬಳಕೆಯ ಶೇಕಡಾವಾರು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿ. ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್‌ನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿಗಳನ್ನು ತೆಗೆದುಹಾಕಿ, ಆಟದಲ್ಲಿ ಹೆಚ್ಚು ಗದ್ದಲವಿರುವ ಜಾಗಕ್ಕೆ ಹೋಗಿ ನೋಡಿ. ಗ್ರಾಫಿಕ್ಸ್ ಕಾರ್ಡಿನ ಬಳಕೆ 95ರಿಂದ 99 ಶೇಕಡಾದಲ್ಲಿ ನಿಂತಿದ್ದರೆ ಹೊಸ ಪ್ರೊಸೆಸರ್‌ನಿಂದ ನಿಮಗೆ ಹೆಚ್ಚಿನ ಲಾಭವಾಗದು. ಅದು 60 ಅಥವಾ 70 ಶೇಕಡಾದಲ್ಲೇ ಇದ್ದು ಫ್ರೇಮ್‌ಗಳು ಸಾಲದೆ ಬಂದರೆ, ಬಹುಮಟ್ಟಿಗೆ ಪ್ರೊಸೆಸರ್ ಅಥವಾ ರ‍್ಯಾಮ್ ಅದನ್ನು ತಡೆಹಿಡಿದಿದೆ ಎಂದೇ ಅರ್ಥ.

ಖಚಿತಪಡಿಸಿಕೊಳ್ಳಲು ಅದೇ ಜಾಗದಲ್ಲಿ ರೆಸಲ್ಯೂಷನ್ನನ್ನು 720ಪಿಗೆ ಇಳಿಸಿ ನೋಡಿ. ಫ್ರೇಮ್‌ಗಳ ಸಂಖ್ಯೆ ಮೇಲಕ್ಕೆ ಜಿಗಿದರೆ ಅಡ್ಡಿ ಗ್ರಾಫಿಕ್ಸ್ ಕಾರ್ಡಿನದು. ಇದ್ದಲ್ಲೇ ಇದ್ದರೆ ಪ್ರೊಸೆಸರ್‌ನದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ಕೇವಲ 40 ಶೇಕಡಾ ಎಂದು ಕಂಡರೂ ಅದರಲ್ಲಿ ಶಕ್ತಿ ಮಿಕ್ಕಿದೆ ಎಂದು ತಿಳಿಯಬೇಡಿ. ಆ ಅಂಕಿ ಎಲ್ಲ ಥ್ರೆಡ್‌ಗಳ (ಕೋರ್‌ಗಳು ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲುಗಳ) ಸರಾಸರಿ. ಬಹುತೇಕ ಆಟಗಳಲ್ಲಿ ಒಂದು ಮುಖ್ಯ ಥ್ರೆಡ್ ಉಳಿದವುಗಳಿಗಿಂತ ಹೆಚ್ಚು ದುಡಿಯುತ್ತದೆ, ಅದು ತುಂಬಿಹೋದರೆ ಉಳಿದ ಥ್ರೆಡ್‌ಗಳು ಖಾಲಿ ಕುಳಿತಿದ್ದರೂ ಆಟ ಮುಂದಕ್ಕೆ ಹೋಗದು.

ಹಂತ 4: ಕೋರ್, ಗಿಗಾಹರ್ಟ್ಜ್, ಕ್ಯಾಶ್ ಇವುಗಳನ್ನು ಸರಿಯಾದ ಕ್ರಮದಲ್ಲಿ ಓದಿ

ಮಾರಾಟದ ಪೆಟ್ಟಿಗೆಯ ಮೇಲೆ ಕೋರ್‌ಗಳ ಸಂಖ್ಯೆ ಮತ್ತು ಗಿಗಾಹರ್ಟ್ಜ್ ದೊಡ್ಡದಾಗಿರುತ್ತವೆ, ಪ್ರೊಸೆಸರ್ ಒಳಗಿನ ಚಿಕ್ಕ, ವೇಗದ ಸಂಗ್ರಹವಾದ ಕ್ಯಾಶ್ ಮೆಮೊರಿಯ ಅಳತೆ ಎಲ್ಲೋ ಮೂಲೆಯಲ್ಲಿರುತ್ತದೆ. ಆಟಗಳ ಮಟ್ಟಿಗೆ ನಾನು ಈ ಕ್ರಮವನ್ನು ತಿರುಗುಮುರುಗು ಮಾಡಿ ಓದಬೇಕೆನ್ನುತ್ತೇನೆ.

ಕೋರ್‌ಗಳ ವಿಷಯದಲ್ಲಿ ಆರು ದೊಡ್ಡ ಕೋರ್‌ಗಳು, ಹನ್ನೆರಡು ಥ್ರೆಡ್‌ಗಳು ಕನಿಷ್ಠ ಮಟ್ಟ ಎಂದಿಟ್ಟುಕೊಳ್ಳಿ. ಹೊಸದಾಗಿ ಕೊಳ್ಳುವಾಗ ನಾಲ್ಕು ಕೋರ್‌ಗಳಿಗೆ ಇಳಿಯಬೇಡಿ. 2020ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಎಎಂಡಿಯ ಝೆನ್ 2 ವಿನ್ಯಾಸದ ಎಂಟು ಕೋರ್‌ಗಳಿವೆ, ಮತ್ತು ದೊಡ್ಡ ಆಟಗಳಲ್ಲಿ ಬಹಳಷ್ಟು ಆ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ತಯಾರಾಗುತ್ತವೆ. ಆದರೆ ಕನ್ಸೋಲ್‌ನ ಕೋರ್‌ಗಳು ನಿಧಾನಗತಿಯವು. ಅದರ ನಂತರದ ವಿನ್ಯಾಸಗಳಾದ ಝೆನ್ 4 ಅಥವಾ ಝೆನ್ 5ರ ಆರು ಕೋರ್‌ಗಳು ಅವುಗಳನ್ನು ನಿರಾಯಾಸವಾಗಿ ಮೀರಿಸುತ್ತವೆ. ಆಟದ ಜೊತೆಗೆ ನೇರಪ್ರಸಾರ, ವೀಡಿಯೊ ಸಂಕಲನ ಮುಂತಾದವನ್ನು ಮಾಡುವವರಿಗೆ ಎಂಟು ಕೋರ್‌ಗಳು ಉಪಯುಕ್ತ. ಇಂಟೆಲ್‌ನಲ್ಲಿ ಒಟ್ಟು ಸಂಖ್ಯೆಯನ್ನು ಬಿಡಿಸಿ ನೋಡಬೇಕು. ಕೋರ್ ಐ5-14400ರ ಹತ್ತು ಕೋರ್‌ಗಳಲ್ಲಿ ಆರು ಮಾತ್ರ ವೇಗದವು, ನಾಲ್ಕು ವಿದ್ಯುತ್ ಉಳಿಸುವ ಚಿಕ್ಕ ಕೋರ್‌ಗಳು. ಆಟದ ಮುಖ್ಯ ಕೆಲಸ ನಡೆಯುವುದು ಆ ಆರರಲ್ಲಿ.

ಗಿಗಾಹರ್ಟ್ಜ್ ಅಂಕಿಯನ್ನು ಒಂದೇ ಪೀಳಿಗೆಯ, ಒಂದೇ ವಿನ್ಯಾಸದ ಪ್ರೊಸೆಸರ್‌ಗಳ ನಡುವೆ ಮಾತ್ರ ಹೋಲಿಸಬಹುದು. 2019ರ ರೈಜನ್ 5 3600ರ ಗರಿಷ್ಠ ವೇಗ 4.2 ಗಿಗಾಹರ್ಟ್ಜ್, 2022ರ ರೈಜನ್ 5 5600ರದು 4.4. ಅಂಕಿಗಳ ಅಂತರ ಅಲ್ಪ, ಎರಡರಲ್ಲೂ ಆರು ಕೋರ್‌ಗಳು, ಎರಡರಲ್ಲೂ 32 ಎಂಬಿ ಎಲ್3 (ಕೋರ್‌ಗಳು ಹಂಚಿಕೊಳ್ಳುವ) ಕ್ಯಾಶ್. ಆದರೂ ಆಟಗಳಲ್ಲಿ ಹೊಸದು ಬಹಳ ಮುಂದಿದೆ. ಹಳೆಯದರಲ್ಲಿ ಕೋರ್‌ಗಳು ಮೂರು ಮೂರರ ಎರಡು ಗುಂಪುಗಳಾಗಿದ್ದು, ಪ್ರತಿ ಗುಂಪಿಗೂ 16 ಎಂಬಿಯ ಪ್ರತ್ಯೇಕ ಕ್ಯಾಶ್ ಇತ್ತು. ಒಂದು ಗುಂಪು ಇನ್ನೊಂದರ ಮಾಹಿತಿ ಪಡೆಯಬೇಕಾದರೆ ಸುತ್ತಿ ಬರಬೇಕಾಗಿತ್ತು. ಹೊಸದರಲ್ಲಿ ಆರೂ ಕೋರ್‌ಗಳಿಗೆ 32 ಎಂಬಿ ಒಟ್ಟಾಗಿ ಸಿಗುತ್ತದೆ. ಜೊತೆಗೆ ಪ್ರತಿ ಗಡಿಯಾರ ಮಿಡಿತಕ್ಕೆ ಆಗುವ ಕೆಲಸವೂ ಸರಾಸರಿ 19 ಶೇಕಡಾ ಹೆಚ್ಚಿದೆ ಎಂದು ಹೊಸದರ ವಿನ್ಯಾಸವಾದ ಝೆನ್ 3ರ ಬಿಡುಗಡೆಯ ಸಮಯದಲ್ಲಿ ಎಎಂಡಿ ತಿಳಿಸಿತ್ತು.

ಕ್ಯಾಶ್ ಏಕೆ ಇಷ್ಟು ಮುಖ್ಯ? ಆಟವೊಂದು ಸಾವಿರಾರು ಸಣ್ಣ ಸಣ್ಣ ವಸ್ತುಗಳ ಸ್ಥಿತಿಯನ್ನು, ಅವು ಮೆಮೊರಿಯಲ್ಲಿ ಚದುರಿರುವ ಹಾಗೆಯೇ, ಪ್ರತಿ ಫ್ರೇಮ್‌ನಲ್ಲೂ ಓದುತ್ತಿರುತ್ತದೆ. ಬೇಕಾದದ್ದು ಪ್ರೊಸೆಸರ್‌ನ ಒಳಗಿನ ಕ್ಯಾಶ್‌ನಲ್ಲಿ ಸಿಗದಿದ್ದರೆ ರ‍್ಯಾಮ್‌ವರೆಗೆ ಹೋಗಿ ತರಬೇಕು, ಅಷ್ಟು ಹೊತ್ತು ಕೋರ್ ಕಾಯುತ್ತಾ ನಿಲ್ಲುತ್ತದೆ. ಎಷ್ಟೇ ಗಿಗಾಹರ್ಟ್ಜ್ ಇದ್ದರೂ ಕಾಯುವ ಸಮಯದಲ್ಲಿ ಅದರಿಂದ ಪ್ರಯೋಜನವಿಲ್ಲ. ಇದಕ್ಕೆ 2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅದರ ಗರಿಷ್ಠ ವೇಗ 4.5 ಗಿಗಾಹರ್ಟ್ಜ್, ಅಂದರೆ ಅದಕ್ಕೂ ಮೊದಲಿನ 5800ಎಕ್ಸ್‌ಗಿಂತ 0.2 ಕಡಿಮೆ. ಆದರೆ ಚಿಪ್‌ನ ಮೇಲೆ ಇನ್ನೊಂದು ಪದರವನ್ನು ಕೂರಿಸಿ ಎಲ್3 ಕ್ಯಾಶನ್ನು 32ರಿಂದ 96 ಎಂಬಿಗೆ ಏರಿಸಿದ್ದರಿಂದ ಬಹುತೇಕ ಆಟಗಳಲ್ಲಿ ಅದು ತನ್ನ ಅಣ್ಣನನ್ನು ಸ್ಪಷ್ಟವಾಗಿ ಹಿಂದಿಕ್ಕಿತು. ಎಕ್ಸ್3ಡಿ ಎಂಬ ಅಕ್ಷರಗಳಿಗೆ ಆಟಗಾರರಲ್ಲಿರುವ ಗೌರವ ಹೀಗೆ ಗಳಿಸಿದ್ದು.

ಹಂತ 5: ಹೆಸರು ನೋಡಿ ಮೋಸಹೋಗಬೇಡಿ

ದೊಡ್ಡ ಅಂಕಿ ಇದ್ದ ಮಾತ್ರಕ್ಕೆ ಪ್ರೊಸೆಸರ್ ಹೆಚ್ಚು ವೇಗದ್ದಾಗುವುದಿಲ್ಲ. ರೈಜನ್ 5 8600ಜಿ ಎಂಬುದನ್ನು ನೋಡಿದರೆ 7600ರ ಮುಂದಿನ ಆವೃತ್ತಿ ಅನ್ನಿಸುತ್ತದೆ. ವಾಸ್ತವದಲ್ಲಿ ಅದೂ ಝೆನ್ 4 ವಿನ್ಯಾಸದ್ದೇ. ಅದರಲ್ಲಿ ಒಳಗೇ ಇರುವ ಗ್ರಾಫಿಕ್ಸ್ ಶಕ್ತಿಶಾಲಿಯಾದದ್ದು, ಅದಕ್ಕೆ ಬದಲಾಗಿ ಎಲ್3 ಕ್ಯಾಶ್ 16 ಎಂಬಿಗೆ ಇಳಿದಿದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ಎಂಟು ಪಿಸಿಐಇ ಲೇನ್‌ಗಳಷ್ಟೇ (ಮಾಹಿತಿ ಸಾಗುವ ಹಾದಿಗಳು) ಸಿಗುತ್ತವೆ. ಗ್ರಾಫಿಕ್ಸ್ ಕಾರ್ಡ್ ಕೊಳ್ಳದೆಯೇ ಸಣ್ಣಪುಟ್ಟ ಆಟಗಳನ್ನಾಡುವವರಿಗೆ ಅದು ಒಳ್ಳೆಯ ಆಯ್ಕೆ, ಗ್ರಾಫಿಕ್ಸ್ ಕಾರ್ಡ್ ಹಾಕುವವರಿಗೆ 7600 ಮೇಲು. ಇದೇ ರೀತಿ ರೈಜನ್ 5 5500 ಮತ್ತು 5600 ನಡುವೆ ನೂರರ ವ್ಯತ್ಯಾಸ ಕಂಡರೂ 5500ರಲ್ಲಿ ಕ್ಯಾಶ್ 16 ಎಂಬಿ ಮಾತ್ರ, ಪಿಸಿಐಇ ಕೂಡ 3.0. ಎಂಟು ಲೇನ್‌ಗಳನ್ನಷ್ಟೇ ಬಳಸುವ ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600ರಂಥ ಕಾರ್ಡುಗಳಿಗೆ ಈ ಹಳೆಯ ಪಿಸಿಐಇ ಇನ್ನಷ್ಟು ಇಕ್ಕಟ್ಟು.

ಇಂಟೆಲ್‌ನ 13ನೆಯ ಪೀಳಿಗೆಯ ಕೋರ್ ಐ5-13400 ಕೂಡ ಹೀಗೆಯೇ: ಅದರ ದೊಡ್ಡ ಕೋರ್‌ಗಳಿಗೆ 12ನೆಯ ಪೀಳಿಗೆಯಲ್ಲಿದ್ದಷ್ಟೇ, ಅಂದರೆ ತಲಾ 1.25 ಎಂಬಿ ಎಲ್2 (ಪ್ರತಿ ಕೋರ್‌ಗೂ ಪ್ರತ್ಯೇಕವಾದ) ಕ್ಯಾಶ್ ಇದೆ. ಹೊಸ ವಿನ್ಯಾಸದ ತಲಾ 2 ಎಂಬಿ ಸಿಗುವುದು 13600ಕೆಯಲ್ಲಿ. ಆದ್ದರಿಂದ ಆಟಕ್ಕೆ ಮಾತ್ರವಾದರೆ 12400 ಮತ್ತು 13400ರ ನಡುವಿನ ಅಂತರ ಸಣ್ಣದು.

ಹೆಸರಿನ ಕೊನೆಯ ಅಕ್ಷರಗಳ ಬಗ್ಗೆ ಇಷ್ಟು ಸಾಕು: ಎಫ್ ಎಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ, ಇಂಟೆಲ್‌ನ ಕೆ ಎಂದರೆ ಓವರ್‌ಕ್ಲಾಕ್ ಮಾಡಲು, ಅಂದರೆ ನಿಗದಿತ ವೇಗಕ್ಕಿಂತ ಮೇಲೆ ಓಡಿಸಲು, ಅವಕಾಶವಿದೆ. ಎಫ್ ಮಾದರಿಯಲ್ಲಿ ಹಣ ಉಳಿಯುತ್ತದಾದರೂ ಗ್ರಾಫಿಕ್ಸ್ ಕಾರ್ಡ್ ಕೆಟ್ಟರೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ಓದಿಗೂ ಕೆಲಸಕ್ಕೂ ಅದೇ ಕಂಪ್ಯೂಟರನ್ನು ನೆಚ್ಚಿಕೊಂಡವರು ಈ ಉಳಿತಾಯದ ಆಸೆಗೆ ಬೀಳದಿರುವುದೇ ಒಳ್ಳೆಯದು.

ಹಂತ 6: ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಮೂರನ್ನೂ ಸೇರಿಸಿ ಬೆಲೆ ಕಟ್ಟಿ

ಪ್ರೊಸೆಸರ್ ಅಗ್ಗವೆನಿಸಿ, ಅದಕ್ಕೆ ಹೊಂದುವ ಬೋರ್ಡ್ ಮತ್ತು ರ‍್ಯಾಮ್ ದುಬಾರಿಯಾದರೆ ಲೆಕ್ಕ ತಲೆಕೆಳಗಾಗುತ್ತದೆ. ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್; ಎಎಂಡಿಯ ಎಎಂ4 ಸಾಕೆಟ್‌ಗೆ ಡಿಡಿಆರ್4 ರ‍್ಯಾಮ್ ಬೇಕು, ಎಎಂ5ಗೆ ಡಿಡಿಆರ್5. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13, 14ನೆಯ ಪೀಳಿಗೆಗಳಿಗೆ ಹೊಂದುತ್ತದೆ, ಅದರ ಬೋರ್ಡುಗಳಲ್ಲಿ ಡಿಡಿಆರ್4ರವೂ ಇವೆ, ಡಿಡಿಆರ್5ರವೂ ಇವೆ, ಆದರೆ ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರದು. ಕೋರ್ ಅಲ್ಟ್ರಾ 200ಎಸ್ ಸಾಲಿಗೆ ಎಲ್‌ಜಿಎ 1851 ಸಾಕೆಟ್, ಡಿಡಿಆರ್5 ಮಾತ್ರ.

ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆ ಇರುವವರಿಗೆ ನನ್ನ ಸಲಹೆ ಎಎಂ5. ಎಎಂ4ರಲ್ಲಿ 2017ರ ಮೊದಲ ರೈಜನ್‌ನಿಂದ 2022ರ 5800ಎಕ್ಸ್3ಡಿವರೆಗೆ ಒಂದೇ ಸಾಕೆಟ್ ಉಳಿದದ್ದನ್ನು ನೋಡಿದ್ದೇವೆ. ಎಎಂ5ನ್ನು 2027 ಮತ್ತು ಅದರಾಚೆಗೂ ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಇಂದು 7600 ಹಾಕಿಸಿಕೊಂಡವರು ಕೆಲವು ವರ್ಷಗಳ ನಂತರ ಬೋರ್ಡನ್ನಾಗಲಿ ರ‍್ಯಾಮನ್ನಾಗಲಿ ಬದಲಿಸದೆ ಎಕ್ಸ್3ಡಿ ಮಾದರಿಗೆ ಏರಬಹುದು.

ಬೋರ್ಡಿಗೆ ಅತಿಯಾಗಿ ಖರ್ಚು ಮಾಡಬೇಕಿಲ್ಲ. ಎಎಂ5ಗೆ ಬಿ650 ಅಥವಾ ಬಿ850, ಎಲ್‌ಜಿಎ 1700ಗೆ ಬಿ660 ಅಥವಾ ಬಿ760 ಚಿಪ್‌ಸೆಟ್‌ನ ಸಾಧಾರಣ ಬೋರ್ಡ್ ಸಾಕು. ಎಚ್610ರಲ್ಲಿ ರ‍್ಯಾಮ್ ವೇಗ ಏರಿಸಲು ಎಡೆಯಿಲ್ಲ. ಇಂಟೆಲ್ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲು ಝಡ್ ಸಾಲಿನ ಬೋರ್ಡೇ ಬೇಕಾದ್ದರಿಂದ, ಆ ಉದ್ದೇಶವಿಲ್ಲದವರಿಗೆ ಅದು ಅನವಶ್ಯಕ. ರ‍್ಯಾಮ್ ಕೊಳ್ಳುವಾಗ ಎರಡು ಸ್ಟಿಕ್‌ಗಳ ಜೋಡಿಯನ್ನೇ ತೆಗೆದುಕೊಳ್ಳಿ. ಒಂದೇ ಸ್ಟಿಕ್ ಹಾಕಿದರೆ ಮಾಹಿತಿ ಸಾಗುವ ದಾರಿ ಅರ್ಧಕ್ಕಿಳಿಯುತ್ತದೆ. ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ಹಾಕಿದರೂ ತೊಂದರೆಯೇ, ರೈಜನ್ 7000ಕ್ಕೆ ಆಗ ಎಎಂಡಿ ಅಧಿಕೃತವಾಗಿ ಹೇಳುವ ವೇಗ 3600 ಮಾತ್ರ. ಎಎಂ5ಗೆ 6000 ವೇಗದ ಜೋಡಿ ಹದವಾದದ್ದು.

ಹಂತ 7: ಈಗ ಹೆಸರಿಗೆ ಬನ್ನಿ

ಹೊಸದಾಗಿ ಎಲ್ಲವನ್ನೂ ಜೋಡಿಸುವವರಿಗೆ, ಮಾನಿಟರ್ 144 ಅಥವಾ 165 ಹರ್ಟ್ಜ್ ಆಗಿದ್ದರೆ, ರೈಜನ್ 5 7600 ನನ್ನ ಮೊದಲ ಆಯ್ಕೆ. ಆರು ಕೋರ್, 5.1 ಗಿಗಾಹರ್ಟ್ಜ್, 32 ಎಂಬಿ ಕ್ಯಾಶ್, 65 ವ್ಯಾಟ್. ಪೆಟ್ಟಿಗೆಯಲ್ಲಿ ಕೂಲರ್ ಕೂಡ ಬರುತ್ತದೆ. 9600ಎಕ್ಸ್ ಅದಕ್ಕಿಂತ ಸ್ವಲ್ಪ ವೇಗದ್ದು, ಆದರೆ ಕೂಲರ್ ಬೇರೆ ಕೊಳ್ಳಬೇಕು, ಆದ್ದರಿಂದ ಬೆಲೆಯ ಅಂತರ ತೀರ ಕಡಿಮೆ ಇದ್ದಾಗ ಮಾತ್ರ ಅದನ್ನು ಪರಿಗಣಿಸಿ. ಹಣ ಬಿಗಿಯಾಗಿದ್ದು 60ರಿಂದ 100 ಫ್ರೇಮ್‌ಗಳು ಸಾಕೆನ್ನುವವರಿಗೆ ಡಿಡಿಆರ್4ರ ಜೊತೆ ರೈಜನ್ 5 5600 ಅಥವಾ ಕೋರ್ ಐ5-12400ಎಫ್ ಇಂದಿಗೂ ಯೋಗ್ಯ. ಆಟದಷ್ಟೇ ವೀಡಿಯೊ ಕೆಲಸವೂ ಮುಖ್ಯವಾದರೆ ಆರು ದೊಡ್ಡ, ಎಂಟು ಚಿಕ್ಕ ಕೋರ್‌ಗಳಿರುವ ಕೋರ್ ಐ5-14600ಕೆ ಅಥವಾ ಕೋರ್ ಅಲ್ಟ್ರಾ 5 245ಕೆ ಕಡೆ ನೋಡಬಹುದು.

ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಹೆಚ್ಚಿನ ವೋಲ್ಟೇಜ್‌ನಿಂದ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಕ್ರಮೇಣ ಅಸ್ಥಿರವಾಗುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಮೂಲ ಆದೇಶಗಳು) ಪರಿಷ್ಕರಣೆಗಳನ್ನು ಹೊರಡಿಸಿತು, ಬಾಧಿತ ಮಾದರಿಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಪರಿಷ್ಕರಣೆ ಈಗಾಗಲೇ ಆಗಿರುವ ಹಾನಿಯನ್ನು ಸರಿಪಡಿಸುವುದಿಲ್ಲ. ಆದುದರಿಂದ 13600ಕೆ, 14600ಕೆಯಂಥ ಮಾದರಿಗಳನ್ನು ಹೊಸದಾಗಿ ಕೊಂಡರೆ ಈ ಪರಿಷ್ಕರಣೆ ಬರುವ ಬಯೋಸನ್ನು, ಅಂದರೆ ಬೋರ್ಡಿನ ಮೂಲ ತಂತ್ರಾಂಶವನ್ನು, ಮೊದಲು ಪರಿಷ್ಕರಿಸಿ. ಬಳಸಿದ್ದನ್ನು ಕೊಳ್ಳದಿರುವುದು ಕ್ಷೇಮ.

ಎಎಂ4 ಬೋರ್ಡ್ ಈಗಾಗಲೇ ಇರುವವರು ಅದೃಷ್ಟವಂತರು. ಬಯೋಸ್ ಪರಿಷ್ಕರಿಸಿ 5600 ಅಥವಾ, ಸಿಕ್ಕರೆ, 96 ಎಂಬಿ ಕ್ಯಾಶ್‌ನ 5700ಎಕ್ಸ್3ಡಿ ಹಾಕಿದರೆ ಉಳಿದ ಯಾವ ಭಾಗವನ್ನೂ ಮುಟ್ಟದೆ ಕಂಪ್ಯೂಟರ್‌ಗೆ ಹೊಸ ಆಯುಷ್ಯ ಬರುತ್ತದೆ. ಸ್ಪರ್ಧಾತ್ಮಕ ಆಟಗಳನ್ನು 240 ಹರ್ಟ್ಜ್‌ನಲ್ಲಿ ಆಡುವವರು ಮಾತ್ರ ಮಧ್ಯಮ ದರ್ಜೆಯ ಗಡಿ ದಾಟಿ 7800ಎಕ್ಸ್3ಡಿಗೆ ಕೈಚಾಚಿದರೆ ಅದನ್ನು ದುಂದು ಎನ್ನಲಾಗದು.

ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಕೂಡ ಪ್ರೊಸೆಸರ್‌ನ ಸಮಯವನ್ನು ತಿನ್ನುತ್ತದೆಂಬುದು ನೆನಪಿರಲಿ. 2024ರ ಡಿಸೆಂಬರ್‌ನಲ್ಲಿ ಇಂಟೆಲ್‌ನ ಆರ್ಕ್ ಬಿ580 ಬಂದಾಗ, ಹಳೆಯ ಅಥವಾ ಸಾಧಾರಣ ಪ್ರೊಸೆಸರ್‌ಗಳ ಜೊತೆ ಅದು ಹಲವು ಆಟಗಳಲ್ಲಿ ನಿರೀಕ್ಷೆಗಿಂತ ಹಿಂದೆ ಬಿದ್ದುದು ಪರೀಕ್ಷೆಗಳಲ್ಲಿ ಕಂಡುಬಂತು. ಅಗ್ಗದ ಕಾರ್ಡಿಗೆ ಅಗ್ಗದ ಪ್ರೊಸೆಸರ್ ಹೊಂದುತ್ತದೆ ಎಂಬ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ.

ಹಂತ 8: ವಿಮರ್ಶೆಗಳನ್ನು ಓದುವ ರೀತಿ

ಪ್ರೊಸೆಸರ್ ವಿಮರ್ಶೆಗಳಲ್ಲಿ ಅತ್ಯಂತ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ 1080ಪಿಯಲ್ಲಿ ಪರೀಕ್ಷಿಸುವುದನ್ನು ಕಂಡು ಇದು ನಮಗೆ ಸಂಬಂಧಿಸಿದ್ದಲ್ಲವೆಂದು ಬದಿಗಿಡಬೇಡಿ. ಗ್ರಾಫಿಕ್ಸ್ ಕಾರ್ಡ್ ಅಡ್ಡಬಾರದಂತೆ ಮಾಡಿ ಪ್ರೊಸೆಸರ್‌ನ ಮಿತಿಯನ್ನು ಅಳೆಯುವುದಕ್ಕೆ ಇರುವ ಸರಿಯಾದ ವಿಧಾನವೇ ಅದು. ಅಲ್ಲಿ ಒಂದು ಆಟಕ್ಕೆ 130 ಫ್ರೇಮ್ ಎಂದು ಬಂದಿದ್ದರೆ, ಅದೇ ಸೆಟ್ಟಿಂಗ್‌ನಲ್ಲಿ ನಿಮ್ಮ ಕಾರ್ಡ್ ಎಷ್ಟೇ ದೊಡ್ಡದಾದರೂ ಆ ಪ್ರೊಸೆಸರ್‌ನಿಂದ ಸುಮಾರು ಅಷ್ಟೇ ಸಿಗುವುದು. ನಿಮ್ಮ ಗ್ರಾಫಿಕ್ಸ್ ಕಾರ್ಡಿನ ವಿಮರ್ಶೆಯಲ್ಲಿ ಅದೇ ಆಟಕ್ಕೆ, ನಿಮ್ಮ ರೆಸಲ್ಯೂಷನ್‌ನಲ್ಲಿ 85 ಎಂದಿದ್ದರೆ, ಎರಡರಲ್ಲಿ ಚಿಕ್ಕದಾದ 85 ನಿಮಗೆ ಸಿಗುವ ಅಂದಾಜು ವೇಗ. ಸರಾಸರಿಗಿಂತ ಶೇಕಡಾ ಒಂದರ ಕನಿಷ್ಠ ಅಂಕಿಗೆ ಹೆಚ್ಚು ಗಮನ ಕೊಡಿ. ಅತಿ ನಿಧಾನವಾದ ಫ್ರೇಮ್‌ಗಳನ್ನು ತೋರಿಸುವ ಆ ಅಂಕಿ ಕಡಿಮೆಯಿದ್ದರೆ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಆಟ ತಡವರಿಸಿದ ಅನುಭವವಾಗುತ್ತದೆ.

ಹಂತ 9: ಕೊಂಡ ನಂತರ

65 ವ್ಯಾಟ್ ಎಂಬುದು ಎಲ್ಲ ಹೊತ್ತಿನ ಮಿತಿಯಲ್ಲ. ಕೋರ್ ಐ5-14400 ಹೆಸರಿಗೆ 65 ವ್ಯಾಟ್‌ನದಾದರೂ ಟರ್ಬೊದಲ್ಲಿ 148 ವ್ಯಾಟ್‌ವರೆಗೆ, 14600ಕೆ 181 ವ್ಯಾಟ್‌ವರೆಗೆ ಏರಬಲ್ಲದು, ಕೂಲರ್ ಆರಿಸುವಾಗ ಈ ಎರಡನೆಯ ಅಂಕಿಯನ್ನೇ ನೋಡಿ. ಹೆಚ್ಚಿನ ಮಧ್ಯಮ ದರ್ಜೆಯ ಪ್ರೊಸೆಸರ್‌ಗಳಿಗೆ ಒಂದು ಟವರ್‌ನ ಸಾಧಾರಣ ಏರ್ ಕೂಲರ್ ಸಾಕಾಗುತ್ತದೆ. ಹೊಸ ಪ್ರೊಸೆಸರನ್ನು ಹಳೆಯ ದಾಸ್ತಾನಿನ ಬೋರ್ಡಿಗೆ ಹಾಕುವಾಗ, ಉದಾಹರಣೆಗೆ 9600ಎಕ್ಸನ್ನು ಬಿ650ಗೆ ಜೋಡಿಸುವಾಗ, ಬಯೋಸ್ ಹಳೆಯದಾಗಿದ್ದರೆ ಕಂಪ್ಯೂಟರ್ ಶುರುವಾಗದೇ ಇರಬಹುದು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ಪರಿಷ್ಕರಿಸುವ ಸೌಲಭ್ಯ ಆ ಬೋರ್ಡಿನಲ್ಲಿದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ.

ಜೋಡಣೆ ಮುಗಿದ ಮೇಲೆ ಬಯೋಸ್‌ಗೆ ಹೋಗಿ ಎಎಂಡಿಯಾದರೆ ಎಕ್ಸ್‌ಪೊ, ಇಂಟೆಲ್ ಆದರೆ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಚಾಲೂ ಮಾಡಿ. ಮಾಡದಿದ್ದರೆ 6000 ವೇಗದ ರ‍್ಯಾಮ್ ಸಾಮಾನ್ಯವಾಗಿ 4800ರಲ್ಲೇ ಓಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಆ ವೇಗ ಕಾಣುತ್ತದೆ. ಮಾನಿಟರ್‌ನ ಕೇಬಲ್ ಮದರ್‌ಬೋರ್ಡಿಗಲ್ಲದೆ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದೆಯೇ, ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ 60ರಿಂದ 144ಕ್ಕೆ ಬದಲಾಗಿದೆಯೇ ಎಂಬುದನ್ನೂ ನೋಡಿ. ಇಷ್ಟಾದ ಮೇಲೆ ಮೂರನೆಯ ಹಂತದ ಪರೀಕ್ಷೆಯನ್ನು ಹೊಸ ಕಂಪ್ಯೂಟರ್‌ನಲ್ಲೂ ಒಮ್ಮೆ ಮಾಡಿ, ಬಂದ ಅಂಕಿಗಳನ್ನು ವಿಮರ್ಶೆಗಳ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ದೊಡ್ಡ ಅಂತರ ಕಂಡರೆ ವಾರಂಟಿ ಮತ್ತು ಬದಲಾವಣೆಯ ಅವಧಿ ಮುಗಿಯುವ ಮೊದಲೇ ಕಾರಣ ಹುಡುಕಬಹುದು.